ಬೆಸುಗೆ, ಕೀಲು, ಕೊಂಡಿ: ನನ್ನ ವಿನ್ಯಾಸಗಳು ಹುಟ್ಟುವ ಜಾಗ

ಆಭರಣವೊಂದನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮೊದಲು ಹರಳನ್ನು ನೋಡುತ್ತಾರೆ, ಆಮೇಲೆ ಲೋಹದ ಬಣ್ಣವನ್ನು, ಕೊನೆಗೆ ಅಂಗೈಯಲ್ಲಿ ಆಡಿಸಿ ತೂಕವನ್ನು ಅಂದಾಜು ಮಾಡುತ್ತಾರೆ. ಆಭರಣಗಳನ್ನು ವಿನ್ಯಾಸ ಮಾಡುವುದನ್ನೂ ಅವುಗಳನ್ನು ಕೈಯಾರೆ ತಯಾರಿಸುವುದನ್ನೂ ವೃತ್ತಿಯಾಗಿ ಹಿಡಿದಿರುವ ನನ್ನ ಕಣ್ಣು ಮಾತ್ರ ಮೊದಲು ಹೋಗುವುದು ಒಂದು ಭಾಗ ಇನ್ನೊಂದಕ್ಕೆ ಸೇರುವ ಜಾಗಕ್ಕೆ. ಹರಳನ್ನು ಚಿನ್ನ ಹೇಗೆ ಹಿಡಿದಿದೆ, ಕಡಗದ ಎರಡು ಅರ್ಧಗಳು ಯಾವ ಕೀಲಿನ ಮೇಲೆ ತೆರೆದುಕೊಳ್ಳುತ್ತವೆ, ಸರದ ಕೊಂಡಿ ಮುಚ್ಚಿಕೊಂಡಾಗ ಬೆರಳಿಗೆ ಅದು ಹೇಗೆ ತಿಳಿಯುತ್ತದೆ ಎಂಬುದನ್ನು ನೋಡಿದರೆ ಆ ಒಡವೆ ಮಾಡಿದವರು ಎಷ್ಟು ಯೋಚಿಸಿದ್ದಾರೆ ಎಂಬುದು ಗೊತ್ತಾಗುತ್ತದೆ. ನನ್ನ ವಿನ್ಯಾಸಗಳೂ ಅಲ್ಲಿಂದಲೇ ಶುರುವಾಗುತ್ತವೆ. ಎರಡು ವಸ್ತುಗಳು ಹೇಗೆ ಕೂಡುತ್ತವೆ ಎಂಬುದು ಮನಸ್ಸಿನಲ್ಲಿ ಸ್ಪಷ್ಟವಾಗುವವರೆಗೆ ನಾನು ಹೊರಗಿನ ಆಕಾರವನ್ನು ಬಿಡಿಸಲು ಹೋಗುವುದಿಲ್ಲ.

ಹೂವು, ಎಲೆ, ಬಳ್ಳಿ, ಹಕ್ಕಿ, ಕೀಟ ಇವೆಲ್ಲ ಸಾವಿರಾರು ವರ್ಷಗಳಿಂದ ಆಭರಣಕಾರರಿಗೆ ಮಾದರಿಗಳಾಗಿವೆ, ನನಗೂ ಹೌದು. ಆದರೆ ಹೂವನ್ನು ನಾನು ಹೆಚ್ಚಾಗಿ ಬೋರಲು ಹಿಡಿದು ನೋಡುತ್ತೇನೆ. ಬುಡದಲ್ಲಿ ಹಸಿರು ಎಸಳುಗಳ ಪುಟ್ಟ ಬಟ್ಟಲೊಂದು ಕಾಣುತ್ತದೆ. ಮೊಗ್ಗಿನಲ್ಲಿ ಇಡೀ ಹೂವನ್ನು ಬಿಗಿಯಾಗಿ ಹಿಡಿದು ಕಾಪಾಡಿದ ಆ ಎಸಳುಗಳು, ಹೂವು ಅರಳಿದ ಮೇಲೆ ಎಷ್ಟು ಬೇಕೋ ಅಷ್ಟೇ ಹಿಂದೆ ಸರಿದು, ಬುಡದಲ್ಲಿ ಹಿಡಿತವನ್ನು ಉಳಿಸಿಕೊಂಡಿರುತ್ತವೆ. ಅವು ಬುಡದಲ್ಲಿ ದಪ್ಪವಾಗಿದ್ದು ತುದಿಗೆ ಬರುತ್ತ ತೆಳುವಾಗುತ್ತವೆ. ಹರಳನ್ನು ಹಿಡಿಯುವ ಪ್ರಾಂಗ್‌ಗಳು, ಅಂದರೆ ಲೋಹದ ಸಣ್ಣ ಬೆರಳುಗಳು, ಮಾಡಬೇಕಾದ ಕೆಲಸವೂ ಅದೇ. ಬುಡದಲ್ಲಿ ಬಲ ಇರಬೇಕು, ಮೇಲೆ ಹರಳಿನ ಅಂಚಿನ ಮೇಲೆ ಬಾಗುವ ಜಾಗದಲ್ಲಿ ಮಾತ್ರ ಲೋಹ ತೆಳುವಾಗಬೇಕು, ಬೆಳಕು ಒಳಗೆ ಹೋಗುವ ದಾರಿಗೆ ಅವು ಅಡ್ಡ ಬರಬಾರದು. ಉಂಗುರಕ್ಕೆ ಹೂವಿನ ಆಕಾರ ಕೊಡದೆಯೂ ಹೂವಿನಿಂದ ಇಷ್ಟು ಕಲಿಯಲು ಸಾಧ್ಯವಿದೆ.

ಹಾವಿನ ಬೆನ್ನೆಲುಬು ನನಗೆ ಇನ್ನೂ ದೊಡ್ಡ ಪಾಠ. ಹಾವುಗಳಿಗೆ ಸಾಮಾನ್ಯವಾಗಿ 200ರಿಂದ 400ರವರೆಗೆ ಕಶೇರುಗಳಿರುತ್ತವೆ. ಪ್ರತಿ ಮೂಳೆಯ ಹಿಂಬದಿಯ ಗುಂಡನೆಯ ಉಬ್ಬು ಮುಂದಿನ ಮೂಳೆಯ ಕುಳಿಯಲ್ಲಿ ಕೂರುತ್ತದೆ. ಅದರ ಜೊತೆಗೆ ಮೇಲ್ಭಾಗದಲ್ಲಿ ಇನ್ನೊಂದು ಜೊತೆ ಚಾಚುಗಳು ಒಂದರೊಳಗೊಂದು ಸಿಕ್ಕಿಕೊಂಡು, ದೇಹ ಪಕ್ಕಕ್ಕೆ ಬಾಗಲು ಬಿಟ್ಟು ಹುರಿಯಾಗಿ ತಿರುಚಿಕೊಳ್ಳದಂತೆ ತಡೆಯುತ್ತವೆ. ಕೊರಳಿನ ಸುತ್ತ ಮೈಗೊರಗಿ ಕೂರಬೇಕಾದ ಅಗಲವಾದ ಹಾರಕ್ಕೆ ಬೇಕಾದ ಗುಣ ಇದೇ ಅಲ್ಲವೇ? ಅದು ಎಡಕ್ಕೂ ಬಲಕ್ಕೂ ಹರಿದಾಡಬೇಕು, ಆದರೆ ನಡುವೆ ಒಂದು ಕಂತು, ಅಂದರೆ ಹಾರದ ಒಂದು ಬಿಡಿ ತುಂಡು, ಮಗುಚಿ ಹಿಂಬದಿ ತೋರಿಸಬಾರದು. ಕಂತುಗಳ ನಡುವೆ ಒಂದೇ ಬಳೆಯ (ತಂತಿಯ ಪುಟ್ಟ ಸುತ್ತಿನ) ಬದಲು ಮೇಲೊಂದು ಕೆಳಗೊಂದು ಎಂದು ಎರಡು ಕೀಲುಗಳನ್ನಿಟ್ಟು, ಅವುಗಳ ನಡುವಣ ಅಂತರವನ್ನು ಒಳಸುತ್ತಿಗೆ ಕಡಿಮೆ, ಹೊರಸುತ್ತಿಗೆ ಹೆಚ್ಚು ಮಾಡಿದರೆ ಹಾರ ತಾನಾಗಿಯೇ ಕೊರಳಿನ ದುಂಡಿಗೆ ಹೊಂದಿಕೊಳ್ಳುತ್ತದೆ. ಡ್ರ್ಯಾಗನ್‌ಫ್ಲೈ ಕೀಟದ ರೆಕ್ಕೆಯಲ್ಲೂ ಇಂಥದೇ ವಿವೇಕ ಇದೆ: ಗಡುಸಾದ ನರಗಳು ಒಂದಕ್ಕೊಂದು ಸೇರುವ ಹಲವು ಗಂಟುಗಳಲ್ಲಿ ರೆಸಿಲಿನ್ ಎಂಬ ರಬ್ಬರಿನಂಥ ಪ್ರೋಟೀನು ಇರುವುದರಿಂದ ರೆಕ್ಕೆ ಮುರಿಯದೆ ಬಾಗುತ್ತದೆ. ಎಲ್ಲಿ ಗಟ್ಟಿ ಇರಬೇಕು, ಎಲ್ಲಿ ಬಿಟ್ಟುಕೊಡಬೇಕು ಎಂಬ ಈ ಹಂಚಿಕೆಯನ್ನು ಕಂಡಾಗಲೆಲ್ಲ ನನ್ನ ಕೈ ಪೆನ್ಸಿಲ್ಲಿನ ಕಡೆಗೆ ಹೋಗುತ್ತದೆ.

ಲೋಹದ ಸ್ವಭಾವ ಗೊತ್ತಿಲ್ಲದೆ ಈ ಯೋಚನೆಗಳನ್ನು ಕಾರ್ಯರೂಪಕ್ಕೆ ತರಲಾಗುವುದಿಲ್ಲ. ಶುದ್ಧ ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತೀರ ಮೆದುವಾದುದರಿಂದ ಅದಕ್ಕೆ ಬೆಳ್ಳಿ, ತಾಮ್ರಗಳನ್ನು ಬೆರೆಸುತ್ತಾರೆ. 22 ಕ್ಯಾರೆಟ್‌ನಲ್ಲಿ ಶೇ. 91.6ರಷ್ಟು, 18 ಕ್ಯಾರೆಟ್‌ನಲ್ಲಿ ಶೇ. 75ರಷ್ಟು ಚಿನ್ನ ಇರುತ್ತದೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಕೆಲಸ ಮಾಡುವವರಿಗೆ ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಎಂದರೆ, ಒಂದೇ ಮಿಶ್ರಲೋಹ ತಾನು ಪಟ್ಟ ಪಾಡಿಗೆ ತಕ್ಕಂತೆ ಬೇರೆ ಬೇರೆ ರೀತಿ ವರ್ತಿಸುತ್ತದೆ. ಸುತ್ತಿಗೆಯಿಂದ ಬಡಿದ, ಉರುಳೆಯಲ್ಲಿ ಒತ್ತಿದ, ತಂತಿ ಎಳೆಯುವ ಕಂಬಚ್ಚಿನ ತೂತುಗಳಲ್ಲಿ ಎಳೆದ ಚಿನ್ನ ಗಡುಸಾಗುತ್ತ ಹೋಗುತ್ತದೆ, ಕೊನೆಗೆ ಬಿರುಕು ಬಿಡುತ್ತದೆ. ಅದನ್ನು ಹದವಾಗಿ ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಪ್ರಾಂಗ್‌ಗೂ ಕೊಂಡಿಯ ನಾಲಿಗೆಗೂ ಗಡುಸುತನ ಬೇಕು. ಬೆಸುಗೆ ಹಾಕಲು ಬೆಂಕಿ ತಗುಲಿಸಿದ ಕ್ಷಣವೇ ಆ ಗಡುಸುತನ ಹೋಗಿಬಿಡುತ್ತದೆ. ಆದ್ದರಿಂದ ವಿನ್ಯಾಸಕಾರರು ಕಾಗದದ ಮೇಲೆ ಗೆರೆ ಎಳೆಯುವಾಗಲೇ ಯಾವ ಭಾಗ ಯಾವಾಗ ಬೆಂಕಿ ಕಾಣುತ್ತದೆ, ಯಾವ ಭಾಗ ಬೆಂಕಿಯನ್ನೇ ಕಾಣಬಾರದು ಎಂಬುದನ್ನು ತೀರ್ಮಾನಿಸಿರಬೇಕು.

ಬೆಸುಗೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದರ ಬಗ್ಗೆ ತಪ್ಪು ಕಲ್ಪನೆ ಬಹಳ ಇದೆ. ಎರಡು ತುಂಡುಗಳ ನಡುವಣ ಸಂದನ್ನು ಬೆಸುಗೆ ಲೋಹ ತುಂಬಿಕೊಡುತ್ತದೆ ಎಂದು ಹೊಸಬರು ಭಾವಿಸುತ್ತಾರೆ. ಹಾಗಾಗುವುದಿಲ್ಲ. ಕರಗಿದ ಬೆಸುಗೆ ಸಂದು ಎಷ್ಟು ಕಿರಿದಾಗಿದೆಯೋ ಅಷ್ಟು ಚೆನ್ನಾಗಿ ಒಳಗೆ ಇಳಿಯುತ್ತದೆ. ಅಗಲವಾದ ಸಂದಿನಲ್ಲಿ ಅದು ಒಂದು ಬದಿಗೆ ಉಂಡೆಗಟ್ಟಿ ಕೂರುತ್ತದೆ. ಮೇಲಾಗಿ ಅದು ಶಾಖ ಹೆಚ್ಚಿರುವ ಕಡೆಗೇ ಹರಿಯುತ್ತದೆ. ಆದ್ದರಿಂದ ಎರಡು ಮೈಗಳನ್ನೂ ಬೆಳಕು ನುಸುಳದಂತೆ ಅರದಿಂದ ಉಜ್ಜಿ ಹೊಂದಿಸಿ, ಬಿಳಿಗಾರದ ನೀರು ಹಚ್ಚಿ, ಎರಡೂ ತುಂಡುಗಳು ಒಟ್ಟಿಗೆ ಕಾಯುವಂತೆ ಜ್ವಾಲೆಯನ್ನು ಆಡಿಸಬೇಕು. ಬಿಳಿಗಾರ ಮೊದಲು ನೊರೆಯಾಗಿ ಉಬ್ಬಿ, ಆಮೇಲೆ ಗಾಜಿನಂತೆ ಕರಗಿ ಲೋಹದ ಮೇಲಣ ಆಕ್ಸೈಡನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಅದಾದ ಸ್ವಲ್ಪ ಹೊತ್ತಿಗೆ ಬೆಸುಗೆಯ ತುಣುಕು ಮಿಂಚಿ ಸಂದಿನುದ್ದಕ್ಕೂ ಓಡುತ್ತದೆ. ಆ ಮಿಂಚು ಕಂಡ ತಕ್ಷಣ ಬೆಂಕಿಯನ್ನು ತೆಗೆಯಬೇಕು. ಹಲವು ಕಡೆ ಬೆಸುಗೆ ಬೇಕಾದ ಒಡವೆಯಲ್ಲಿ ಹೆಚ್ಚಿನ ಶಾಖಕ್ಕೆ ಕರಗುವ ಬೆಸುಗೆಯನ್ನು ಮೊದಲು, ಕಡಿಮೆ ಶಾಖಕ್ಕೆ ಕರಗುವುದನ್ನು ಕೊನೆಗೆ ಬಳಸುವುದರಿಂದ ಹಿಂದಿನ ಕೂಡು ಬಿಚ್ಚಿಕೊಳ್ಳುವುದಿಲ್ಲ. ಈ ಕ್ರಮವನ್ನು ನಾನು ನಕ್ಷೆಯ ಪಕ್ಕದಲ್ಲಿಯೇ ಬರೆದಿಟ್ಟುಕೊಳ್ಳುತ್ತೇನೆ.

ಬೆಸುಗೆಯೇ ಕಾಣದಂತೆ ಕೂಡಿಸಿದ ಕೆಲಸಗಳಲ್ಲಿ ನನ್ನನ್ನು ಹೆಚ್ಚು ಆಳವಾಗಿ ಹಿಡಿದಿರುವುದು ಪ್ರಾಚೀನ ಇಟಲಿಯ ಎಟ್ರುಸ್ಕನ್ನರ ಚಿನ್ನದ ಕಾಳಿನ ಕುಸುರಿ. ಇಟಲಿಯ ಚೆರ್ವೆತೆರಿ ಎಂಬಲ್ಲಿ 1836ರಲ್ಲಿ ತೆರೆದ ರೆಗೊಲಿನಿ-ಗಲಾಸ್ಸಿ ಸಮಾಧಿಯಲ್ಲಿ ದೊರೆತ, ಕ್ರಿ.ಪೂ. 7ನೇ ಶತಮಾನದ ದೊಡ್ಡ ಚಿನ್ನದ ಫಿಬ್ಯುಲಾ, ಅಂದರೆ ಬಟ್ಟೆಗೆ ಚುಚ್ಚುವ ಪಿನ್ನು, ಈಗ ವ್ಯಾಟಿಕನ್ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 30 ಸೆಂಟಿಮೀಟರ್ ಉದ್ದದ ಆ ಒಡವೆಯ ಮೇಲಿನ ತಟ್ಟೆಯಲ್ಲಿ ಐದು ಸಿಂಹಗಳು ನಡೆಯುತ್ತಿವೆ, ಕೆಳಗಿನ ತಟ್ಟೆಯಲ್ಲಿ ಸಾಲುಸಾಲಾಗಿ ಪುಟ್ಟ ಬಾತುಕೋಳಿಗಳಿವೆ, ಅವುಗಳ ಮೇಲೂ ಸುತ್ತಲೂ ಚಿನ್ನದ ಕಾಳುಗಳ ಗೆರೆಗಳು ಹರಿದಿವೆ. ಎಟ್ರುಸ್ಕನ್ನರ ಅತಿ ನವಿರಾದ ಕೆಲಸದಲ್ಲಿ ಕಾಳುಗಳು 0.2 ಮಿಲಿಮೀಟರಿಗಿಂತಲೂ ಸಣ್ಣವು. ಅವನ್ನು ಸಾಮಾನ್ಯ ಬೆಸುಗೆಯಿಂದ ಅಂಟಿಸಲು ಹೋದರೆ ಕರಗಿದ ಲೋಹ ಕಾಳುಗಳ ನಡುವೆ ಕೆರೆಯಂತೆ ನಿಂತು ಎಲ್ಲವನ್ನೂ ಮುಳುಗಿಸಿಬಿಡುತ್ತದೆ. ಎಟ್ರುಸ್ಕನ್ ಕೆಲಸದಲ್ಲಿ ಪ್ರತಿ ಕಾಳೂ ಒಂದು ಬಿಂದುವಿನಲ್ಲಿ ಮಾತ್ರ ತಳಕ್ಕೆ ತಾಗಿ ನಿಂತಿರುತ್ತದೆ, ಅದರ ಕೆಳಗೆ ನೆರಳು ಬೀಳುತ್ತದೆ. ಆ ನೆರಳಿನಿಂದಲೇ ಕೆಲಸಕ್ಕೆ ಜೀವ ಬಂದಿದೆ.

19ನೇ ಶತಮಾನದಲ್ಲಿ ರೋಮ್ ನಗರದ ಕ್ಯಾಸ್ಟೆಲ್ಲಾನಿ ಮನೆತನದ ಅಕ್ಕಸಾಲಿಗರು ಈ ಕೆಲಸವನ್ನು ಮತ್ತೆ ಸಾಧಿಸಲು ಬಹಳ ಶ್ರಮಿಸಿದರು. ಅವರ ಆಭರಣಗಳು ಸುಂದರವಾಗಿವೆಯಾದರೂ ಹಳೆಯ ನವಿರು ಪೂರ್ತಿಯಾಗಿ ಕೈಗೆ ಸಿಗಲಿಲ್ಲ. 1930ರ ದಶಕದಲ್ಲಿ ಬ್ರಿಟನ್ನಿನ ಲಿಟಲ್‌ಡೇಲ್ ಎಂಬುವರು ಪೇಟೆಂಟ್ ಪಡೆದ ವಿಧಾನ ಇದಕ್ಕೆ ನಂಬಬಹುದಾದ ವಿವರಣೆ ಕೊಟ್ಟಿತು. ತಾಮ್ರದ ಲವಣವೊಂದನ್ನು ಅಂಟಿನೊಂದಿಗೆ ಕಲಸಿ ಕಾಳುಗಳನ್ನು ಅದರಿಂದ ಜಾಗಕ್ಕೆ ಕೂರಿಸಬೇಕು. ಕಾಯಿಸಿದಾಗ ಲವಣ ತಾಮ್ರದ ಆಕ್ಸೈಡ್ ಆಗುತ್ತದೆ, ಅಂಟು ಸುಟ್ಟು ಇಂಗಾಲವಾಗುತ್ತದೆ. ಶಾಖ ಏರಿದಂತೆ ಆ ಇಂಗಾಲ ಆಕ್ಸೈಡಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಶುದ್ಧ ತಾಮ್ರವನ್ನು ಉಳಿಸುತ್ತದೆ. ಚಿನ್ನ ಮತ್ತು ತಾಮ್ರ ಬೆರೆತಾಗ ಎರಡೂ ಬೇರೆ ಬೇರೆಯಾಗಿ ಕರಗುವುದಕ್ಕಿಂತ ಕಡಿಮೆ ಶಾಖದಲ್ಲಿ, ಸುಮಾರು 900 ಡಿಗ್ರಿಯ ಆಸುಪಾಸಿನಲ್ಲಿ, ಕರಗುವುದರಿಂದ ಕಾಳು ತಳಕ್ಕೆ ತಾಗಿರುವ ಬಿಂದುವಿನಲ್ಲಿ ಮಾತ್ರ ಲೋಹ ಒಂದಾಗುತ್ತದೆ. ಹೊರಗಿನಿಂದ ಬೆಸುಗೆ ಲೋಹ ಸೇರುವುದೇ ಇಲ್ಲ. ಕಾಳುಗಳನ್ನು ಮಾಡುವುದು ಮಾತ್ರ ಸರಳ: ಚಿನ್ನದ ಸಣ್ಣ ಚೂರುಗಳನ್ನು ಇದ್ದಿಲ ಪುಡಿಯಲ್ಲಿ ಬಿಡಿಬಿಡಿಯಾಗಿ ಹರಡಿ ಕಾಯಿಸಿದರೆ, ಕರಗಿದ ಪ್ರತಿ ಚೂರೂ ಮೇಲ್ಮೈ ಸೆಳೆತದಿಂದ ತಾನೇ ಗುಂಡಗಾಗುತ್ತದೆ. ಈ ವಿಧಾನದಲ್ಲಿ ಕೆಲಸ ಮಾಡುವಾಗ ಚಿನ್ನದ ಮೈ ಒಂದು ಕ್ಷಣ ಒದ್ದೆಯಾದಂತೆ ಹೊಳೆಯುವುದನ್ನು ಕಾಯುತ್ತ ಉಸಿರು ಬಿಗಿಹಿಡಿದು ಕೂರುವುದು ನನಗೆ ಈ ವೃತ್ತಿಯ ಅತ್ಯಂತ ಪ್ರಿಯವಾದ ಗಳಿಗೆ.

ಅದೇ ಫಿಬ್ಯುಲಾದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೇಲಿನ ತಟ್ಟೆಯನ್ನೂ ಕೆಳಗಿನ ತಟ್ಟೆಯನ್ನೂ ಎರಡು ಅಡ್ಡ ಕೊಳವೆಗಳು ಕೀಲಿನಂತೆ ಜೋಡಿಸಿವೆ. ಅಲ್ಲಿ ಅಂದಕ್ಕೂ ಚಲನೆಗೂ ನಡುವೆ ಗಡಿ ಇಲ್ಲ, ಕೂಡು ಜಾಗವೇ ಅಲಂಕಾರದ ಪಟ್ಟಿಯಾಗಿದೆ. ನನ್ನ ಹಲವು ಪದಕಗಳಲ್ಲಿ ಮೇಲಿನ ಭಾಗ ಮತ್ತು ಕೆಳಗಿನ ಭಾಗದ ನಡುವೆ ಅಡ್ಡ ಕೊಳವೆ ಇರುವುದಕ್ಕೆ ಕಾರಣ ಇದು.

ಬೆಂಕಿಯಿಲ್ಲದೆ ಕೂಡಿಸುವ ದಾರಿಗಳೂ ನನ್ನನ್ನು ಅಷ್ಟೇ ಸೆಳೆಯುತ್ತವೆ. ಮೆಸೊಪೊಟೇಮಿಯಾದ ಉರ್ ನಗರದ ರಾಜಸಮಾಧಿಗಳಲ್ಲಿ, ಅಂದರೆ ಸುಮಾರು 4500 ವರ್ಷಗಳ ಹಿಂದಿನ ಸಮಾಧಿಗಳಲ್ಲಿ, ಬಳೆಯೊಳಗೆ ಬಳೆ ತೂರಿಸಿ ಹೆಣೆದ ಸರಗಳು ಸಿಕ್ಕಿವೆ. ಅವುಗಳ ಉಪಾಯ ತುಂಬ ಜಾಣತನದ್ದು. ಪ್ರತಿ ತಂತಿಯ ಬಳೆಯನ್ನು ಮೊದಲೇ ಬೆಂಕಿಯಲ್ಲಿ ಕೂಡಿಸಿ ಮುಚ್ಚಿರುತ್ತಾರೆ; ಆಮೇಲೆ ಅದನ್ನು ಉದ್ದಕ್ಕೆ ಒತ್ತಿ, ನಡುವೆ ಮಡಿಸಿ, ಹಿಂದಿನ ಬಳೆಯ ಕಣ್ಣುಗಳಲ್ಲಿ ತೂರಿಸುತ್ತ ಹೋಗುತ್ತಾರೆ. ಹೆಣೆದ ಸರದ ಬಳಿ ಬೆಂಕಿ ಸುಳಿಯುವ ಅಗತ್ಯವೇ ಬರುವುದಿಲ್ಲ, ಹೀಗಾಗಿ ಬಳೆಗಳು ಒಂದಕ್ಕೊಂದು ಅಂಟಿಕೊಂಡು ಸರ ಸೆಡೆತುಕೊಳ್ಳುವ ಭಯವೂ ಇಲ್ಲ. ಕುಂದಣದ ಕೆಲಸದಲ್ಲಿ ಇದಕ್ಕಿಂತ ಬೇರೆಯಾದ ತಿಳಿವಳಿಕೆ ಇದೆ. ಚೆನ್ನಾಗಿ ಪುಟವಿಟ್ಟ ಅಪ್ಪಟ ಚಿನ್ನದ ತೆಳು ತಗಡನ್ನು ಹರಳಿನ ಸುತ್ತ ಒತ್ತಿದಾಗ, ಮೈ ಸ್ವಚ್ಛವಾಗಿದ್ದರೆ ಪದರಕ್ಕೆ ಪದರ ಸಾಧಾರಣ ಶಾಖದಲ್ಲಿಯೇ ಒಂದಾಗುತ್ತದೆ. ಚಿನ್ನ ಆಕ್ಸೈಡ್ ಕಟ್ಟದಿರುವುದೇ ಇದಕ್ಕೆ ಕಾರಣ. ಬೆಂಕಿ ತಡೆಯದ ಹರಳನ್ನೂ, ಅಳತೆ ಸರಿಯಿಲ್ಲದ ಹರಳನ್ನೂ ಹೀಗೆ ಕೂರಿಸಲು ಸಾಧ್ಯ. ಮಿಶ್ರಣ ಹೆಚ್ಚಿದ ಚಿನ್ನದಿಂದ ಇದು ಆಗದ ಮಾತು.

ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಅವರು ಮಾಡಿದ ಸುಮಾರು 1,800 ಆಭರಣಗಳಲ್ಲಿ ಹೆಚ್ಚಿನವು ಬೆಸುಗೆಯಿಲ್ಲದವು. ಹಿತ್ತಾಳೆ, ಬೆಳ್ಳಿಯ ತಂತಿಗಳನ್ನು ಬಡಿದು ಚಪ್ಪಟೆ ಮಾಡಿ, ಸುರುಳಿ ಸುತ್ತಿ, ಒಂದಕ್ಕೊಂದು ಕೊಕ್ಕೆ ಹಾಕಿ, ಮೊಳೆ ಬಡಿದು ಅವರು ಕೂಡಿಸುತ್ತಿದ್ದರು. ನಾನು ಮಾಡುವ ಕೆಲಸಕ್ಕೂ ಅವರ ಕೆಲಸಕ್ಕೂ ಮೇಲ್ನೋಟಕ್ಕೆ ಹೋಲಿಕೆ ಇಲ್ಲ. ಆದರೂ ಕೂಡು ಜಾಗವನ್ನು ಬಚ್ಚಿಡದೆ ಮುಂದೆ ತಂದು ನಿಲ್ಲಿಸುವ ಧೈರ್ಯವನ್ನು ನಾನು ಅವರಿಂದ ಪಡೆದಿದ್ದೇನೆ.

ಕೀಲಿನ ವಿಷಯಕ್ಕೆ ಬಂದರೆ ನನಗೆ ಮೊದಲು ನೆನಪಾಗುವುದು ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ 1939ರಲ್ಲಿ ದೊರೆತ, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, 7ನೇ ಶತಮಾನದ ಆರಂಭದ ಭುಜದ ಕೊಂಡಿಗಳು. ಭುಜದ ದುಂಡಿಗೆ ತಕ್ಕಂತೆ ಬಾಗಿದ ಎರಡು ಅರ್ಧಗಳು ನಡುವೆ ಕೀಲಿನಿಂದ ಸೇರುತ್ತವೆ. ಕೀಲಿನೊಳಗೆ ತೂರುವ ಚಿನ್ನದ ಕಡ್ಡಿಯ ತಲೆಯಲ್ಲಿ ಪ್ರಾಣಿಯ ಮುಖವಿದೆ, ಆ ಕಡ್ಡಿ ಕಳೆದುಹೋಗದಂತೆ ಅದನ್ನು ಸಣ್ಣ ಸರಪಳಿಯಿಂದ ಕಟ್ಟಿದ್ದಾರೆ. ಮೇಲೆ ಜೋಡಿಸಿದ ಗಾರ್ನೆಟ್ ಹರಳಿನ ತೆಳು ಹಲ್ಲೆಗಳ ಹಿಂದೆ ಗೀರು ಮಾದರಿ ಒತ್ತಿದ ಚಿನ್ನದ ಹಾಳೆಯನ್ನಿಟ್ಟಿರುವುದರಿಂದ ಬೆಳಕು ಹಿಂದಿರುಗಿ ಬರುತ್ತದೆ. ಎಲ್ಲರೂ ಹೊಗಳುವುದು ಆ ಹರಳಿನ ಕೆಲಸವನ್ನು. ಕಡ್ಡಿಗೆ ಸರಪಳಿ ಕಟ್ಟಿದ ಆ ಅಕ್ಕಸಾಲಿಗ ತೊಡುವವರ ಬಗ್ಗೆ ಪಟ್ಟ ಕಾಳಜಿ ನನ್ನನ್ನು ಹೆಚ್ಚು ತಟ್ಟುತ್ತದೆ.

ಕೀಲು ಮಾಡುವ ಕ್ರಮವನ್ನು ಇಲ್ಲಿ ಹೇಳುತ್ತೇನೆ, ಏಕೆಂದರೆ ತೆರೆದು ಮುಚ್ಚುವ ಕಡಗವೊಂದರಲ್ಲಿ ಹೆಚ್ಚು ತಾಳ್ಮೆ ಬೇಡುವ ಭಾಗ ಅದು. ಚಿನ್ನದ ತಗಡನ್ನು ಸುರುಳಿ ಮಾಡಿ ಕಂಬಚ್ಚಿನಲ್ಲಿ ಎಳೆದು ಕೊಳವೆ ತಯಾರಿಸಬೇಕು. ಕಡಗದ ಎರಡು ಅರ್ಧಗಳು ಎದುರಾಗುವ ಅಂಚುಗಳಲ್ಲಿ ದುಂಡು ಅರದಿಂದ ಉದ್ದನೆಯ ಕಾಲುವೆ ತೋಡಿ, ಕೊಳವೆ ಅದರಲ್ಲಿ ಅಲುಗದೆ ಕೂರುವಂತೆ ಮಾಡಬೇಕು. ಕೊಳವೆಯನ್ನು ಮೂರು, ಐದು ಹೀಗೆ ಬೆಸ ಸಂಖ್ಯೆಯ ತುಂಡುಗಳಾಗಿ ಕತ್ತರಿಸುತ್ತೇವೆ. ಆಗ ಎರಡು ತುದಿಯ ತುಂಡುಗಳೂ ಒಂದೇ ಅರ್ಧಕ್ಕೆ ಸೇರಿ ಎಳೆತ ಸಮನಾಗಿ ಹಂಚಿಕೆಯಾಗುತ್ತದೆ. ತುಂಡುಗಳ ತುದಿಗಳು ಕೊಳವೆಗೆ ನೇರ ಅಡ್ಡವಾಗಿರಬೇಕು, ಕೂದಲೆಳೆಯಷ್ಟು ಓರೆಯಾದರೂ ಮುಚ್ಚಿದಾಗ ಸಂದು ಕಾಣುತ್ತದೆ. ಎಲ್ಲ ತುಂಡುಗಳನ್ನೂ ಒಂದೇ ಕಡ್ಡಿಗೆ ಪೋಣಿಸಿ, ಒಂದು ಬಿಟ್ಟು ಒಂದರಂತೆ ಎಡಕ್ಕೂ ಬಲಕ್ಕೂ ಬೆಸುಗೆಯ ಚುಕ್ಕೆಯಿಂದ ಹಿಡಿಸಿ, ಆಮೇಲೆ ಬಿಡಿಸಿ ಪೂರ್ತಿ ಬೆಸುಗೆ ಹಾಕುತ್ತೇನೆ. ಬೆಸುಗೆ ಕೊಳವೆಯ ಒಳಗೆ ನುಗ್ಗದಂತೆ ಹಳದಿ ಕಾವಿಯ ಕೆಸರನ್ನು ಬಾಯಿಗೆ ಸವರಿರುತ್ತೇನೆ. ಎಲ್ಲ ಬೆಂಕಿಯ ಕೆಲಸ ಮುಗಿದ ಮೇಲೆ ತಣ್ಣಗೆ ಎಳೆದು ಗಡುಸು ಮಾಡಿದ ತಂತಿಯ ಕಡ್ಡಿಯನ್ನು ತೂರಿಸುವುದು. ಸರಿಯಾಗಿ ಕೂತ ಕೀಲು ತನ್ನ ತೂಕಕ್ಕೆ ನಿಧಾನವಾಗಿ ತೆರೆದುಕೊಳ್ಳುತ್ತದೆ, ಪಕ್ಕಕ್ಕೆ ಅಲುಗಾಡುವುದಿಲ್ಲ.

ಚಲನೆಯನ್ನೇ ಕಲೆಯಾಗಿಸಿದವರಲ್ಲಿ ಫ್ರಾನ್ಸಿನ ಆಭರಣಕಾರ ರೆನೆ ಲಾಲಿಕ್ ಅವರನ್ನು ಬಿಟ್ಟು ಮಾತನಾಡುವುದು ಕಷ್ಟ. 1897–98ರ ಹೊತ್ತಿಗೆ ಅವರು ಮಾಡಿದ, ಅರ್ಧ ಹೆಣ್ಣು ಅರ್ಧ ಡ್ರ್ಯಾಗನ್‌ಫ್ಲೈ ಆದ ಎದೆಯ ಆಭರಣ ಲಿಸ್ಬನ್ನಿನ ಗುಲ್ಬೆಂಕಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ರೆಕ್ಕೆಗಳ ಎನಾಮಲ್‌ಗೆ ಹಿಂದೆ ತಗಡಿನ ಆಸರೆ ಇಲ್ಲ. ಚಿನ್ನದ ನರಗಳ ನಡುವೆ ಬಣ್ಣದ ಗಾಜು ಕಿಟಕಿಯಂತೆ ನಿಂತಿದೆ, ಬೆಳಕು ಆರಪಾರು ಹಾಯುತ್ತದೆ. ಅಷ್ಟು ಅಗಲದ, ಅಷ್ಟು ನಾಜೂಕಾದ ರೆಕ್ಕೆಗಳನ್ನು ಗಡುಸಾಗಿ ನಿಲ್ಲಿಸಿದ್ದರೆ ಮೈ ಬಾಗಿದಾಗ ಗಾಜು ಬಿರಿಯುತ್ತಿತ್ತು. ಲಾಲಿಕ್ ಅವುಗಳಿಗೆ ಕೀಲು ಕೊಟ್ಟರು. ಬೆಲೆಬಾಳುವ ವಜ್ರದ ಪಕ್ಕದಲ್ಲಿ ಕೊಂಬು, ಗಾಜುಗಳನ್ನು ಸಂಕೋಚವಿಲ್ಲದೆ ಇಟ್ಟವರೂ ಅವರೇ. ವಸ್ತುವಿನ ಬೆಲೆಗಿಂತ ಅದು ಮಾಡುವ ಕೆಲಸ ದೊಡ್ಡದು ಎಂಬ ಅವರ ನಿಲುವನ್ನು ನಾನು ಮನಸಾರೆ ಒಪ್ಪುತ್ತೇನೆ.

ಹರಳನ್ನು ಹಿಡಿಯುವ ವಿಷಯದಲ್ಲಿ ಎರಡು ವಿರುದ್ಧ ದಾರಿಗಳಿವೆ. ಟಿಫನಿ ಸಂಸ್ಥೆ 1886ರಲ್ಲಿ ತಂದ ಉಂಗುರದಲ್ಲಿ ಆರು ಪ್ರಾಂಗ್‌ಗಳು ವಜ್ರವನ್ನು ಪಟ್ಟಿಯಿಂದ ಮೇಲಕ್ಕೆತ್ತಿ ಹಿಡಿದವು. ಹಿಡಿತ ಬಹಿರಂಗವಾಗಿಯೇ ಇತ್ತು, ಬೆಳಕಿಗೆ ಎಲ್ಲ ಕಡೆಯಿಂದಲೂ ದಾರಿಯಾಯಿತು. ವ್ಯಾನ್ ಕ್ಲೀಫ್ ಅಂಡ್ ಆರ್ಪೆಲ್ಸ್ ಸಂಸ್ಥೆ 1933ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಹರಳುಗಳ ಬದಿಯಲ್ಲಿಯೇ ಸಣ್ಣ ಕಾಲುವೆ ಕೊರೆದು, ಒಂದು ಮಿಲಿಮೀಟರಿನ ಹತ್ತನೇ ಎರಡು ಭಾಗಕ್ಕಿಂತ ತೆಳುವಾದ ಚಿನ್ನದ ಹಳಿಗಳ ಮೇಲೆ ಅವನ್ನು ಜಾರಿಸಿ ಕೂರಿಸುತ್ತಾರೆ. ಮೇಲಿನಿಂದ ನೋಡಿದರೆ ಲೋಹವೇ ಕಾಣುವುದಿಲ್ಲ. ಎರಡನೆಯದರ ಕೌಶಲಕ್ಕೆ ತಲೆಬಾಗುತ್ತೇನೆ, ಆದರೆ ನನ್ನ ಮನಸ್ಸು ಮೊದಲನೆಯದರ ಕಡೆಗಿದೆ. ಹಿಡಿದಿರುವುದು ಕಂಡಾಗ ಹರಳಿನ ಮೇಲೆ ನಂಬಿಕೆ ಹೆಚ್ಚುತ್ತದೆ, ಪ್ರಾಂಗ್ ಸವೆದಿದ್ದರೆ ಅದೂ ಕಣ್ಣಿಗೆ ಬೀಳುತ್ತದೆ.

ಯಾವ ಹರಳು ಎಂಬುದರ ಮೇಲೆ ಹಿಡಿತದ ಬಗೆ ನಿಂತಿದೆ. ವಜ್ರ ಗಡಸುತನದ ಮೋಸ್ ಅಳತೆಯಲ್ಲಿ ಎಲ್ಲಕ್ಕಿಂತ ಮೇಲಿನ 10ನೇ ಮೆಟ್ಟಿಲಿನಲ್ಲಿದ್ದರೂ ಅದು ಒಡೆಯುವುದಿಲ್ಲ ಎಂದಲ್ಲ. ನಾಲ್ಕು ದಿಕ್ಕುಗಳಲ್ಲಿ ಅದು ಸಲೀಸಾಗಿ ಸೀಳುತ್ತದೆ, ಚೂಪು ಮೂಲೆಯಿದ್ದರೆ ಆ ಮೂಲೆಗೆ ಲೋಹದ ಮರೆ ಕೊಡಲೇಬೇಕು. ಪಚ್ಚೆ ಗಡುಸು, ಆದರೆ ಒಳಗೆ ಬಿರುಕುಗಳ ಜಾಲವಿರುವುದು ಸಾಮಾನ್ಯ, ಹಲವು ಪಚ್ಚೆಗಳ ಬಿರುಕುಗಳಿಗೆ ಎಣ್ಣೆ ತುಂಬಿರುತ್ತಾರೆ. ಪ್ರಾಂಗ್ ಬಾಗಿಸುವ ಒತ್ತಡವನ್ನು ಒಂದೇ ಕಡೆ ಹಾಕದೆ ಎದುರೆದುರು ಪ್ರಾಂಗ್‌ಗಳಿಗೆ ಸ್ವಲ್ಪ ಸ್ವಲ್ಪವಾಗಿ ಹಂಚಬೇಕು, ಕೂರಿಸಿದ ಮೇಲೆ ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಯಬಾರದು. ಓಪಲ್ ತನ್ನೊಳಗೆ ನೀರನ್ನು ಹಿಡಿದಿರುವ ಕಲ್ಲಾದುದರಿಂದ ಶಾಖ ಅದಕ್ಕೆ ವೈರಿ. ಅದಕ್ಕೆ ಸುತ್ತಲೂ ತೆಳು ಪಟ್ಟಿಯ ಕಟ್ಟು ಒಳ್ಳೆಯದು. ಮುತ್ತಿನದು ಇವೆಲ್ಲಕ್ಕಿಂತ ಮೆದು ಮೈ. ಮುತ್ತಿನ ಸರಕ್ಕೆ ರೇಷ್ಮೆ ದಾರವನ್ನು ಬಳಸಿ ಪ್ರತಿ ಮುತ್ತಿನ ನಡುವೆ ಗಂಟು ಹಾಕುವುದು ಎರಡು ಕಾರಣಕ್ಕೆ: ಮುತ್ತುಗಳು ಒಂದನ್ನೊಂದು ಉಜ್ಜಿ ಹೊಳಪು ಕಳೆದುಕೊಳ್ಳಬಾರದು, ದಾರ ಹರಿದಾಗ ಎಲ್ಲವೂ ಚೆಲ್ಲಬಾರದು. ಹರಳಿನ ನಿರ್ಧಾರ ಇಷ್ಟು ಮುಖ್ಯವಾದುದರಿಂದ, ಅದು ಕೈಗೆ ಬಂದು ಅದರ ಆಳ, ಅಂಚಿನ ದಪ್ಪ, ಒಳಗಿನ ದೋಷಗಳನ್ನು ಲೆನ್ಸಿನಲ್ಲಿ ನೋಡುವವರೆಗೆ ನಾನು ಕಟ್ಟಿನ ಅಳತೆ ಬರೆಯುವುದಿಲ್ಲ.

ಕೊಂಡಿ ಉಳಿದೆಲ್ಲಕ್ಕಿಂತ ಹೆಚ್ಚಾಗಿ ತೊಡುವವರ ಬೆರಳಿಗೆ ಸೇರಿದ ಭಾಗ. ಕತ್ತಿನ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ ಅದನ್ನು ಹಾಕಬೇಕಾಗುತ್ತದೆ. ಪೆಟ್ಟಿಗೆ ಕೊಂಡಿಯಲ್ಲಿ ತಗಡನ್ನು ಎರಡಾಗಿ ಮಡಿಸಿ ಮಾಡಿದ ನಾಲಿಗೆಯ ಚಿಮ್ಮುವ ಗುಣವೇ ಎಲ್ಲ. ಮಡಿಸಿದ ಮೇಲೆ ಅದಕ್ಕೆ ಬೆಂಕಿ ತಾಗಿದರೆ ಆ ಗುಣ ಸತ್ತು ಕೆಲವೇ ದಿನಗಳಲ್ಲಿ ಕೊಂಡಿ ಸಡಿಲವಾಗುತ್ತದೆ. ಹೀಗಾಗಿ ನಾಲಿಗೆಯ ಬುಡವನ್ನು ಮೊದಲು ಬೆಸೆದು, ಆಮೇಲೆ ಬಡಿದು ಗಡುಸು ಮಾಡಿ, ಕೊನೆಗೆ ಮಡಿಸುತ್ತೇನೆ. ಮುಚ್ಚಿದಾಗ ಸಣ್ಣದೊಂದು ಟಕ್ ಎಂಬ ಸದ್ದು ಬರಬೇಕು. ಸದ್ದು ಕೇಳದಿದ್ದರೂ ಬೆರಳಿಗೆ ಅದರ ತಟ್ಟು ತಿಳಿಯಬೇಕು. ಬೆರಳುಗಳಲ್ಲಿ ಮೊದಲಿನ ಬಲವಿಲ್ಲದ ಹಿರಿಯರಿಗೆ ಮಾಡುವಾಗ ಗುಂಡಿಯನ್ನು ಅಗಲ ಮಾಡುತ್ತೇನೆ. ವಿನ್ಯಾಸದ ಸೊಗಸಿಗಾಗಿ ಕೊಂಡಿಯನ್ನು ಕಿರಿದಾಗಿಸುವುದನ್ನು ನಾನು ಒಪ್ಪುವುದಿಲ್ಲ.

ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ, ಮೇಣದಲ್ಲಿ ಮುದ್ರಿಸಿ, ಎರಕ ಹೊಯ್ಯುವ ವಿಧಾನವನ್ನೂ ಬಳಸುತ್ತೇನೆ. ಮೇಣ ಕರಗಿಸಿ ಆ ಜಾಗಕ್ಕೆ ಲೋಹ ತುಂಬುವುದು ಸಾವಿರಾರು ವರ್ಷಗಳ ಹಳೆಯ ವಿದ್ಯೆಯೇ. ಒಂದೇ ಬಗೆಯ ಹಲವು ಕಂತುಗಳು ಬೇಕಾದಾಗ ಅದಕ್ಕೆ ಸಮನಾದದ್ದಿಲ್ಲ. ಆದರೆ ಪರದೆಯ ಮೇಲೆ ಎರಡು ಭಾಗಗಳು ನಡುವೆ ಎಳ್ಳಷ್ಟೂ ಜಾಗವಿಲ್ಲದೆ ಸೇರುತ್ತವೆ, ಅಲ್ಲಿ ಬೆಸುಗೆಗೆ, ಅರದ ಗೀರಿಗೆ, ಮೆರುಗು ಕೊಡುವಾಗ ಸವೆಯುವ ಲೋಹಕ್ಕೆ ಲೆಕ್ಕವೇ ಇರುವುದಿಲ್ಲ. ಎರಕದ ಲೋಹ ತಣ್ಣಗಾಗುವಾಗ ಕುಗ್ಗುತ್ತದೆ, ಒಳಗೆ ಸಣ್ಣ ಗುಳ್ಳೆಗಳು ಉಳಿಯಬಹುದು, ಬಡಿದ ಲೋಹದ ಬಿಗಿ ಅದಕ್ಕಿರುವುದಿಲ್ಲ. ಆದ್ದರಿಂದ ಒಡವೆಯ ಮೈ ಎರಕದ್ದಾದರೂ ಕೀಲಿನ ಕಡ್ಡಿ, ಕೊಂಡಿಯ ನಾಲಿಗೆ, ಓಲೆಯ ಕಡ್ಡಿಗಳನ್ನು ಎಳೆದ ತಂತಿ ಮತ್ತು ಬಡಿದ ತಗಡಿನಿಂದಲೇ ಮಾಡುತ್ತೇನೆ.

ಚಿನ್ನಕ್ಕೆ ಕೈ ಹಾಕುವ ಮೊದಲು ಕಾಗದದಲ್ಲಿ ಕತ್ತರಿಸಿದ, ಆಮೇಲೆ ಹಿತ್ತಾಳೆಯಲ್ಲಿ ಮಾಡಿದ ಮಾದರಿಯನ್ನು ಮೈಮೇಲೆ ತೊಟ್ಟು ನೋಡುತ್ತೇನೆ. ಪದಕ ನೇತಾಡುವ ಬಿಂದು ಅದರ ಭಾರದ ಕೇಂದ್ರಕ್ಕಿಂತ ಸಾಕಷ್ಟು ಮೇಲಿರದಿದ್ದರೆ ಅದು ಮುಂದಕ್ಕೆ ಮುಗ್ಗರಿಸುತ್ತದೆ; ಓಲೆಯ ಕಡ್ಡಿ ತುಸು ಕೆಳಗಾದರೂ ಓಲೆ ನೆಲ ನೋಡುತ್ತದೆ. 18 ಕ್ಯಾರೆಟ್ ಚಿನ್ನ ಹಿತ್ತಾಳೆಗಿಂತ ಬಹಳ ಭಾರವಾದುದರಿಂದ ಹಿತ್ತಾಳೆಯ ಮಾದರಿ ತೂಕದ ಬಗ್ಗೆ ಪೂರ್ತಿ ಸತ್ಯ ಹೇಳುವುದಿಲ್ಲ, ಅದಕ್ಕೆ ಹಿಂಬದಿಗೆ ಸೀಸದ ಚೂರು ಮೆತ್ತಿ ತೂಗಿಸಿ ನೋಡುವುದೂ ಉಂಟು. ಮೆರುಗಿನ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ: ಕೂಡಿಸಿದ ಮೇಲೆ ಕೈ ತಲುಪದ ಜಾಗಗಳಿಗೆ ಕೂಡಿಸುವ ಮೊದಲೇ ಮೆರುಗು ಕೊಡಬೇಕು.

ತೊಟ್ಟ ಒಡವೆ ಸವೆಯುವುದೂ ಕೂಡು ಜಾಗಗಳಲ್ಲಿಯೇ. ಪ್ರಾಂಗ್‌ನ ತುದಿ ಬಟ್ಟೆಗೆ ತಾಗಿ ತೆಳುವಾಗುತ್ತದೆ, ಪದಕದ ಬಳೆಯನ್ನು ಸರ ನಿಧಾನವಾಗಿ ಕೊರೆಯುತ್ತದೆ, ಕೀಲಿನ ಕಡ್ಡಿ ನಡುವೆ ಸೊರಗುತ್ತದೆ. ನಾನು ಮಾಡಿದ್ದನ್ನು ಮುಂದೊಂದು ದಿನ ನನಗೆ ಪರಿಚಯವಿಲ್ಲದ ಅಕ್ಕಸಾಲಿಗರು ರಿಪೇರಿ ಮಾಡಬೇಕಾಗುತ್ತದೆ, ಅವರ ಕೆಲಸ ಸಲೀಸಾಗಬೇಕೆಂಬುದು ನನ್ನ ವಿನ್ಯಾಸದ ಭಾಗವೇ ಆಗಿದೆ. ಪದಕದ ಬಳೆಯನ್ನು ಪದಕದ ಮೈಗೆ ಒಂದಾಗಿಸದೆ ಬದಲಾಯಿಸಬಹುದಾದ ಬಿಡಿ ಬಳೆಯಾಗಿ ಇಡುತ್ತೇನೆ. ಮುತ್ತಿನ ಕಡ್ಡಿಯನ್ನು ಬಿಟ್ಟರೆ ಬೇರೆಲ್ಲಿಯೂ ಅಂಟು ಬಳಸುವುದಿಲ್ಲ. ಕಡಗದ ಕೀಲಿನ ಕಡ್ಡಿಗೆ ಬೆಸುಗೆ ಹಾಕದೆ ತುದಿಯನ್ನು ತಟ್ಟಿ ಅಗಲಿಸಿ ನಿಲ್ಲಿಸುತ್ತೇನೆ, ಅದು ಯಾವ ಕಡೆಯಿಂದ ಹೊರಬರುತ್ತದೆ ಎಂದು ತಿಳಿಯಲು ಒಳಮೈಯಲ್ಲಿ ಒಂದು ಚುಕ್ಕೆ ಒತ್ತಿರುತ್ತೇನೆ. ಒಡವೆಯ ಜೊತೆಗೆ ಕೊಡುವ ನಕ್ಷೆಯಲ್ಲಿ ಲೋಹದ ಮಿಶ್ರಣ, ಯಾವ ಕೂಡಿಗೆ ಯಾವ ಬೆಸುಗೆ ಹಾಕಿದೆ, ಯಾವ ಹರಳಿಗೆ ಶಾಖ ತಾಗಬಾರದು, ಕೀಲಿನ ಕಡ್ಡಿಯ ದಪ್ಪ ಎಷ್ಟು ಎಂಬುದೆಲ್ಲ ಬರೆದಿರುತ್ತದೆ.